ಕಿತ್ತಳೆ ಸಿಪ್ಪೆಯ ಸಾರ ಕಹಿಯಾಗುವುದೇಕೆ?

ಪ್ರಶ್ನೆ: ವಿರಾಜಪೇಟೆಯ ಹತ್ತಿರ ನಮ್ಮದೊಂದು ಪುಟ್ಟ ಹೋಮ್‌ಸ್ಟೇ ಇದೆ. ಬಂದವರಿಗೆ ಸಂಜೆ ಕಾಫಿಯ ಜೊತೆ ಕಿತ್ತಳೆ ಕೇಕ್ ಕೊಡುವುದು ರೂಢಿ. ಅಂಗಡಿಯ ಎಸೆನ್ಸ್ ಹಾಕಿದರೆ ಪೆಪ್ಪರ್‌ಮೆಂಟಿನ ವಾಸನೆ ಬರುತ್ತದೆ. ಸಿಪ್ಪೆಯನ್ನೇ ಮಿಕ್ಸಿಯಲ್ಲಿ ರುಬ್ಬಿ ಹಾಕಿದೆ, ಕೇಕ್ ಕಹಿಯಾಯಿತು. ಆಮೇಲೆ ಮಾವನವರ ಮಿಲಿಟರಿ ಕ್ಯಾಂಟೀನ್ ರಮ್ಮಿನಲ್ಲಿ ಸಿಪ್ಪೆ ನೆನೆಹಾಕಿ ಎರಡು ತಿಂಗಳು ಇಟ್ಟೆ. ಘಮ ಚೆನ್ನಾಗಿದೆ, ಆದರೆ ನಾಲಿಗೆಗೆ ಕಹಿ. ತಣ್ಣೀರಿಗೆ ಹಾಕಿದರೆ ನೀರು ಮಸುಕಾಗುತ್ತದೆ. ಕೆಟ್ಟಿದೆಯೇ? ಸರಿಯಾದ ಕ್ರಮ ಯಾವುದು? ಮದ್ಯ ಮುಟ್ಟದ ಅತಿಥಿಗಳಿಗೆ ಬೇರೆ ದಾರಿ ಇದೆಯೇ? ನಿಂಬೆ, ಕೈಪುಳಿ (ನಮ್ಮ ಕಡೆಯ ಕಹಿ ಕಿತ್ತಳೆ), ಚಕ್ಕೋತಗಳಿಂದಲೂ ಮಾಡಬಹುದೇ?

ಉತ್ತರ: ಕೆಟ್ಟಿಲ್ಲ, ಚೆಲ್ಲಬೇಡಿ. ಆ ಬಾಟಲಿಗೆ ಒಂದು ಕೆಲಸವಿದೆ, ಕೊನೆಯಲ್ಲಿ ಹೇಳುತ್ತೇನೆ. ನೀರು ಮಸುಕಾದದ್ದಕ್ಕೆ ನೀವು ಗಾಬರಿಯಾಗಿದ್ದೀರಿ, ನಾನಾಗಿದ್ದರೆ ಸಂತೋಷಪಡುತ್ತಿದ್ದೆ. ಸಿಪ್ಪೆಯ ಸುಗಂಧತೈಲ ಮದ್ಯಸಾರದಲ್ಲಿ ಕರಗಿರುತ್ತದೆ. ಅದನ್ನು ನೀರಿಗೆ ಬಿಟ್ಟ ಕೂಡಲೇ ಮದ್ಯಸಾರ ತೆಳುವಾಗಿ, ತೈಲಕ್ಕೆ ಹಿಡಿತ ತಪ್ಪಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನ ತುಂಬ ಹರಡುತ್ತದೆ. ಆ ಹನಿಗಳಿಗೆ ಬೆಳಕು ತಾಗಿ ಚೆದರಿದಾಗ ನೀರಿನಲ್ಲಿ ಮಂಜು ಇಳಿದ ಹಾಗೆ ಕಾಣುತ್ತದೆ. ಅಂದರೆ ನಿಮ್ಮ ಬಾಟಲಿಯಲ್ಲಿ ತೈಲ ಇಳಿದಿದೆ. ಸಾರ ಸಿದ್ಧವಾಗಿದೆಯೋ ಇಲ್ಲವೋ ಎಂದು ನೋಡಲು ನಾನು ಮಾಡುವ ಪರೀಕ್ಷೆಯೂ ಇದೇ: ಗಾಜಿನ ಲೋಟದಲ್ಲಿ ತಣ್ಣೀರು, ಅದಕ್ಕೆ ಅರ್ಧ ಚಮಚ ಸಾರ. ನೀರು ತಿಳಿಯಾಗಿಯೇ ಉಳಿದರೆ ಇನ್ನೂ ಕಾಯಬೇಕು ಎಂದರ್ಥ.

ಕಹಿಯ ವಿಷಯ ಬೇರೆ. ಅದಕ್ಕೆ ಹಣ್ಣೂ ಕಾರಣವಲ್ಲ, ರಮ್ಮೂ ಕಾರಣವಲ್ಲ. ಸಿಪ್ಪೆಯಲ್ಲಿ ಎರಡು ಪದರಗಳಿವೆ. ನೀವು ಎರಡನ್ನೂ ಒಂದೇ ಎಂದು ತಿಳಿದು ಬಾಟಲಿಗೆ ತುಂಬಿದ್ದೀರಿ.

ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಮೊಂಬತ್ತಿಯ ಮುಂದೆ ಕುಳಿತು ಕಿತ್ತಳೆ ಸಿಪ್ಪೆಯನ್ನು ಮಡಿಚಿ ಹಿಂಡಿದ ನೆನಪು ನಿಮಗೂ ಇರಬೇಕು. ಚಿರ್ ಎಂದು ಹಾರಿದ ತುಂತುರು ಜ್ವಾಲೆಗೆ ತಾಗಿ ಪಟಪಟನೆ ಕಿಡಿಯಾಗುತ್ತಿತ್ತು. ಕಣ್ಣಿಗೆ ಸಿಡಿದರೆ ಅಳು, ತಮ್ಮನ ಕಣ್ಣಿಗೆ ಸಿಡಿಸಿದರೆ ನಗು. ಹಾಗೆ ಹಾರುವುದು ರಸವಲ್ಲ, ತೈಲ. ಸಿಪ್ಪೆಯ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ಒಂದು ತೈಲದ ಚೀಲ. ಕಿತ್ತಳೆಯ ತೈಲದಲ್ಲಿ ತೊಂಬತ್ತು ಪಾಲಿನ ಆಸುಪಾಸು ಲಿಮೊನೀನ್ ಎಂಬ ಒಂದೇ ವಸ್ತು. ಉಳಿದ ಚೂರುಪಾರು ಘಟಕಗಳೇ ಕಿತ್ತಳೆಯನ್ನು ಕಿತ್ತಳೆಯಾಗಿಸುವುದು, ನಿಂಬೆಯನ್ನು ನಿಂಬೆಯಾಗಿಸುವುದು. ಅಂಗಡಿಯ ಅಗ್ಗದ ಎಸೆನ್ಸಿನಲ್ಲಿ ಆ ಚೂರುಪಾರಿನ ಗೊಡವೆಗೆ ಹೋಗದೆ ಮುಖ್ಯ ವಾಸನೆಯೊಂದನ್ನೇ ಎತ್ತಿ ಹಿಡಿದಿರುತ್ತಾರೆ. ನಿಮಗೆ ಪೆಪ್ಪರ್‌ಮೆಂಟಿನ ನೆನಪಾದದ್ದು ಅದಕ್ಕೇ. ಅದು ವಿಷವೇನಲ್ಲ, ಹಾಡಿನಲ್ಲಿ ಪಲ್ಲವಿ ಮಾತ್ರ ಹೇಳಿ ನಿಲ್ಲಿಸಿದ ಹಾಗೆ, ಅಷ್ಟೆ.

ಈ ಚೀಲಗಳೆಲ್ಲ ಇರುವುದು ಬಣ್ಣದ ಪದರದಲ್ಲಿ, ಅದರ ದಪ್ಪ ಒಂದು ಮಿಲಿಮೀಟರಿನ ಸುತ್ತಮುತ್ತ. ಅದರ ಕೆಳಗಿನ ಬಿಳಿ, ಹತ್ತಿಯಂಥ ಭಾಗದಲ್ಲಿ ಘಮವಿಲ್ಲ, ಕಹಿ ಇದೆ. ಆ ಕಹಿಯೂ ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಬಿಳಿಯ ಸಮೇತ ಎರಡು ತಿಂಗಳು ಇಟ್ಟರೆ ಘಮ ಮೊದಲ ಎರಡು ಮೂರು ವಾರಗಳಲ್ಲೇ ಬಂದು ಮುಗಿದಿರುತ್ತದೆ, ಉಳಿದ ಐದಾರು ವಾರ ನೀವು ಕಹಿಗಾಗಿ ಕಾದ ಹಾಗೆ. ಮಿಕ್ಸಿಯಲ್ಲಿ ರುಬ್ಬಿದಾಗ ಆದದ್ದೂ ಇದೇ, ಎರಡು ತಿಂಗಳ ಕೆಲಸ ಎರಡು ನಿಮಿಷದಲ್ಲಿ ಆಯಿತು.

ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ ಆ ನೀರನ್ನು ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ತೈಲ ನೀರಿನಲ್ಲಿ ಕರಗುವುದಿಲ್ಲ, ಆವಿಯ ಜೊತೆ ಎದ್ದು ಹೋಗುತ್ತದೆ. ಅಡುಗೆಮನೆಯೆಲ್ಲ ಘಮಘಮಿಸಿತು ಎಂದರೆ ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ ಎಂದೇ ತಿಳಿಯಿರಿ. ತೈಲವನ್ನು ಹಿಡಿದಿಡಲು ಮದ್ಯಸಾರ ಬೇಕು, ಇಲ್ಲವೇ ಕೊಬ್ಬು ಬೇಕು. ಸಕ್ಕರೆಯದು ಇನ್ನೊಂದು ಬಗೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮದ್ಯದ ಆಯ್ಕೆ. ವಾಸನೆ, ಬಣ್ಣ ಎರಡೂ ಇಲ್ಲದ ವೋಡ್ಕಾ ಒಳ್ಳೆಯದು. ನಮ್ಮಲ್ಲಿ ಸಿಗುವ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಎಂದು ಬರೆದಿರುತ್ತದೆ. ಮದ್ಯಸಾರ ಇನ್ನೂ ಹೆಚ್ಚಿದ್ದರೆ ತೈಲ ಇನ್ನೂ ಹೆಚ್ಚು ಕರಗುತ್ತಿತ್ತು. ಕಾರ್ಖಾನೆಯವರು ಅಂಥದ್ದನ್ನೇ ಬಳಸುತ್ತಾರೆ, ಮನೆಯವರಿಗೆ ಅದು ಸುಲಭವಾಗಿ ಸಿಗುವ ವಸ್ತುವಲ್ಲ. ಆದ್ದರಿಂದ ಮನೆಯ ಸಾರ ಅಂಗಡಿಯದಕ್ಕಿಂತ ಸೌಮ್ಯವಾಗಿರುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಡಿ. ದುಬಾರಿ ವೋಡ್ಕಾ ತರುವ ಅಗತ್ಯವಿಲ್ಲ. ರಮ್ ಬಳಸಬಾರದೆಂದಲ್ಲ, ಅದಕ್ಕೆ ಸುಟ್ಟ ಬೆಲ್ಲದಂಥ ತನ್ನದೇ ಘಮವಿದೆ. ಕಪ್ಪು ಕೇಕಿಗೆ ಅದು ಹೊಂದುತ್ತದೆ, ತಿಳಿ ಬಣ್ಣದ ಕಿತ್ತಳೆ ಕೇಕಿನಲ್ಲಿ ಕಿತ್ತಳೆಯ ಧ್ವನಿ ಅಡಗಿಹೋಗುತ್ತದೆ. ಮಾವನವರಿಗೂ ಬೇಸರ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್, ಪಾಲಿಶ್‌ಗೆ ಬಳಸುವ ಸ್ಪಿರಿಟ್, ಸ್ಯಾನಿಟೈಸರ್ ಇವು ಯಾವುವೂ ಅಡುಗೆಗಲ್ಲ. ಕುಡಿಯಬಾರದೆಂದೇ ಅವಕ್ಕೆ ಬೇರೆ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ‘ಒಂದೇ ಚಮಚ ತಾನೇ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ ರೀತಿ ಕಳ್ಳಭಟ್ಟಿಯೂ ಬೇಡ, ಯಾರೇ ಪ್ರೀತಿಯಿಂದ ತಂದುಕೊಟ್ಟರೂ ಸರಿಯೇ.

ಇನ್ನು ಹಣ್ಣು. ಕೊಡಗಿನ ಕಿತ್ತಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಹೆಸರೂ ಇದೆ, ಹಣ್ಣೇ ಈಗ ಅಪರೂಪ. ಕಾಫಿ ಗಿಡಗಳ ನಡುವೆ ಸಾಲುಸಾಲಾಗಿ ಕಿತ್ತಳೆ ಮರಗಳಿದ್ದ ತೋಟಗಳಲ್ಲಿ ಇಂದು ಬೆರಳೆಣಿಕೆಯ ಮರಗಳು ಉಳಿದಿವೆ. ಸಣ್ಣ ಕೀಟವೊಂದು ಹರಡುವ ಗ್ರೀನಿಂಗ್ ರೋಗ ಅದಕ್ಕೆ ದೊಡ್ಡ ಕಾರಣ. ರಸ್ತೆಬದಿಯಲ್ಲಿ ‘ಕೂರ್ಗ್ ಆರೆಂಜ್’ ಎಂದು ಬುಟ್ಟಿಯಲ್ಲಿ ಜೋಡಿಸಿಟ್ಟದ್ದೆಲ್ಲ ಕೊಡಗಿನದಲ್ಲ, ಬೇರೆ ರಾಜ್ಯದ ಲಾರಿಯಿಂದ ಇಳಿದದ್ದೂ ಇರುತ್ತದೆ. ನಮ್ಮ ಹಣ್ಣು ಪೂರ್ತಿ ಮಾಗಿದ ಮೇಲೂ ಹಸಿರು ಬೆರೆತ ಹಳದಿಯಲ್ಲೇ ಇರುವುದುಂಟು. ಅಂಗಡಿಗೆ ಬಂದವರು ಅದನ್ನು ಕಾಯಿ ಎಂದು ಬಿಟ್ಟುಹೋಗುತ್ತಾರೆ, ಬಿಡಲಿ. ಸಾರಕ್ಕೆ ಆ ಹಸಿರುಹಳದಿ ಸಿಪ್ಪೆಯೇ ನನಗೆ ಇಷ್ಟ, ಅದರ ಘಮದಲ್ಲಿ ಒಂದು ಚುರುಕಿದೆ. ಮಳೆಗಾಲದ ಬೆಳೆಗಿಂತ ಚಳಿಗಾಲದ ಬೆಳೆಯನ್ನು ಆರಿಸಿಕೊಳ್ಳಿ. ಆಷಾಢದ ಮಳೆಯಲ್ಲಿ ತೊಯ್ದ ಹಣ್ಣಿನ ಸಿಪ್ಪೆ ಮೆತ್ತಗಿರುತ್ತದೆ, ಬೇಗ ಕೊಳೆಯುತ್ತದೆ, ಸುಲಿಯುವಾಗ ಹರಿದು ಕೈಗೆ ಬರುತ್ತದೆ.

ನಿಮ್ಮದೇ ತೋಟದ ಹಣ್ಣಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೊನೆಯ ಬಾರಿ ಔಷಧಿ ಹೊಡೆದದ್ದು ಯಾವಾಗ? ಕಾಫಿಗೆ, ಕರಿಮೆಣಸಿಗೆ ಹೊಡೆದ ಬೋರ್ಡೋ ದ್ರಾವಣ ಪಕ್ಕದ ಕಿತ್ತಳೆಯ ಮೇಲೂ ಬಿದ್ದಿರುತ್ತದೆ. ತಿಳಿನೀಲಿ ಕಲೆಯಂತೆ ಒಣಗಿ ಅಂಟಿಕೊಂಡಿರುವುದು ಮೈಲುತುತ್ತ ಮತ್ತು ಸುಣ್ಣ. ಬರೀ ನೀರಿಗೆ ಅದು ಜಗ್ಗುವುದಿಲ್ಲ, ಹುಳಿಗೆ ಬಿಡುತ್ತದೆ. ತಾಮ್ರದ ಚೆಂಬನ್ನು ಹುಣಸೆಹಣ್ಣಿನಿಂದ ತಿಕ್ಕುತ್ತೇವಲ್ಲ, ಅದೇ ವಿದ್ಯೆ. ಹುಣಸೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಕೀಟನಾಶಕದ ಕಥೆ ಹಾಗಲ್ಲ. ಗಿಡದೊಳಗೇ ಇಳಿಯುವ ಔಷಧಿ ಹೊಡೆದಿದ್ದರೆ ಯಾವ ತೊಳೆಯುವಿಕೆಯೂ ಅದನ್ನು ತೆಗೆಯದು. ಅಂಥ ಮರದ ಹಣ್ಣನ್ನು ಸಾರಕ್ಕೆ ಬಳಸಬೇಡಿ. ಸಿಪ್ಪೆಯಲ್ಲಿರುವುದನ್ನೆಲ್ಲ ಹೀರಿ ತೆಗೆಯುವುದೇ ನಮ್ಮ ಕೆಲಸವಾದ್ದರಿಂದ, ಬೇಡದ್ದೂ ಜೊತೆಗೇ ಬರುತ್ತದೆ. ಪೇಟೆಯ ಹೊಳೆಯುವ ಹಣ್ಣಿಗೆ ಮೇಣ ಹಚ್ಚಿರುವ ಸಾಧ್ಯತೆ ಉಂಟು, ಉಗುರುಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ ತೊಳೆಯಿರಿ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಆರಲು ಬಿಡಿ. ಸಿಪ್ಪೆಯ ಮೇಲೆ ಉಳಿದ ಒಂದೊಂದು ಹನಿ ನೀರೂ ಮದ್ಯಸಾರವನ್ನು ತೆಳುಮಾಡುತ್ತದೆ.

ಈಗ ಬರುವುದು ನಿಜವಾದ ಕೈಕೆಲಸ. ವಿದೇಶದ ಪಾಕವಿಧಾನಗಳಲ್ಲಿ ‘ಪೀಲರ್‌ನಿಂದ ಹೊರಸಿಪ್ಪೆ ಹೆರೆಯಿರಿ’ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಅವರ ಕಿತ್ತಳೆಯ ಸಿಪ್ಪೆ ಗಟ್ಟಿ, ಹಣ್ಣಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ನಮ್ಮದು ಕೈಯಲ್ಲೇ ಸುಲಿಯುವ ಜಾತಿ. ಪೀಲರ್ ಒತ್ತಿದರೆ ಸಿಪ್ಪೆ ಒಳಕ್ಕೆ ಕುಸಿಯುತ್ತದೆ, ಅಲ್ಲಲ್ಲಿ ಹರಿಯುತ್ತದೆ, ರಸ ಹೊರಬರುತ್ತದೆ. ನಾನು ಎರಡು ಬಗೆಯಲ್ಲಿ ಮಾಡಿ ನೋಡಿದ್ದೇನೆ. ಒಂದು, ಇಡೀ ಹಣ್ಣನ್ನು ಒಂದೆರಡು ಗಂಟೆ ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ, ಹರಿತವಾದ ಪೀಲರ್‌ನಿಂದ ಒತ್ತದೆ, ಮೇಲೆ ಮೇಲೆ ಸವರಿದಂತೆ ಎಳೆಯುವುದು. ಇನ್ನೊಂದು ಸ್ವಲ್ಪ ನಿಧಾನ, ಆದರೆ ನನಗೆ ಅದೇ ಸರಿ. ಹಣ್ಣನ್ನು ಮಾಮೂಲಿನಂತೆ ನಾಲ್ಕು ಎಸಳಾಗಿ ಸುಲಿಯಿರಿ. ಸಿಪ್ಪೆಯನ್ನು ಬಣ್ಣದ ಮುಖ ಕೆಳಗಾಗಿ ಮಣೆಯ ಮೇಲೆ ಹರಡಿ, ಎಡಗೈ ಬೆರಳಿನಿಂದ ಒಂದು ತುದಿಯನ್ನು ಒತ್ತಿ ಹಿಡಿದು, ಸ್ಟೀಲ್ ಚಮಚದ ಅಂಚಿನಿಂದ ನಿಮ್ಮ ಕಡೆಯಿಂದ ಆಚೆಗೆ ಕೆರೆಯಿರಿ. ಮೊದಲು ನಾರು ಬರುತ್ತದೆ, ಆಮೇಲೆ ಬಿಳಿ ಪದರ ಒದ್ದೆ ಹತ್ತಿಯಂತೆ ಉಂಡೆಯಾಗಿ ಬರುತ್ತದೆ. ಕೆರೆದ ಜಾಗದಲ್ಲಿ ತೈಲದ ಚುಕ್ಕೆಗಳು ಹಿಂಬದಿಯಿಂದಲೇ ಕಾಣಿಸತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಮುಂದೆ ಹೋದರೆ ಚೀಲಗಳು ಒಡೆದು ತೈಲವೆಲ್ಲ ಮಣೆಗೆ ಅಭಿಷೇಕವಾಗುತ್ತದೆ. ಮೊದಲ ಸಿಪ್ಪೆಗೆ ಐದು ನಿಮಿಷ ಹಿಡಿದೀತು, ಆರನೆಯದಕ್ಕೆ ಒಂದು ನಿಮಿಷ ಸಾಕು. ತುರಿಮಣೆ ಮಾತ್ರ ಬೇಡ. ನಮ್ಮ ಮನೆಗಳಲ್ಲಿರುವ ತುರಿಮಣೆಯ ಹಲ್ಲುಗಳು ಬಣ್ಣ, ಬಿಳಿ ಎಂದು ಭೇದ ನೋಡುವುದಿಲ್ಲ.

ಅಳತೆ ಹೀಗಿರಲಿ: 180 ಮಿಲಿ ವೋಡ್ಕಾಕ್ಕೆ, ಅಂದರೆ ಒಂದು ಕ್ವಾರ್ಟರ್ ಬಾಟಲಿಗೆ, ಹೆರೆದ ಸಿಪ್ಪೆ 30 ಗ್ರಾಂ. ಐದಾರು ಹಣ್ಣು ಬೇಕಾದೀತು. ತೂಕದ ಯಂತ್ರವಿಲ್ಲದಿದ್ದರೆ ಗಾಜಿನ ಬಾಟಲಿಯ ಮುಕ್ಕಾಲು ಭಾಗಕ್ಕೆ ಸಿಪ್ಪೆಯ ಪಟ್ಟಿಗಳನ್ನು ಸಡಿಲವಾಗಿ ತುಂಬಿ, ಕತ್ತಿನವರೆಗೂ ವೋಡ್ಕಾ ಹಾಕಿ. ಸಕ್ಕರೆ, ಯೀಸ್ಟ್ ಏನೂ ಬೇಡ. ಕೊಡಗಿನಲ್ಲಿ ಮನೆ ವೈನ್ ಮಾಡಿ ಪಳಗಿದ ಕೈಗಳು ತಾವಾಗಿಯೇ ಸಕ್ಕರೆ ಡಬ್ಬಿಯ ಕಡೆಗೆ ಹೋಗುತ್ತವೆ. ಇದು ಹುಳಿಯುವ ಪದಾರ್ಥವಲ್ಲ, ಬರೀ ನೆನೆಯುವುದು.

ಬಾಟಲಿ ಗಾಜಿನದೇ ಆಗಬೇಕು. ಕಿತ್ತಳೆ ತೈಲ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ನಂಬಿಕೆ ಬರದಿದ್ದರೆ ಥರ್ಮಾಕೋಲ್ ತುಂಡಿನ ಮೇಲೆ ಸಿಪ್ಪೆ ಹಿಂಡಿ ನೋಡಿ, ಕಣ್ಣೆದುರಿಗೇ ಗುಳಿ ಬೀಳುತ್ತದೆ.

ಇನ್ನು ಕಾಯುವ ವಿಷಯ. ಕತ್ತಲೆ ಕಪಾಟಿನಲ್ಲಿಟ್ಟು ದಿನಕ್ಕೊಮ್ಮೆ ಅಲುಗಾಡಿಸಿ. ಆರು ವಾರ, ಎಂಟು ವಾರ ಎಂದು ಹಲವರು ಬರೆಯುತ್ತಾರೆ. ಬಿಳಿ ತೆಗೆದ ತೆಳು ಸಿಪ್ಪೆಗೆ ಎರಡರಿಂದ ಮೂರು ವಾರ ಸಾಕು ಎಂಬುದು ನನ್ನ ಅನುಭವ. ಹತ್ತನೆಯ ದಿನದಿಂದಲೇ ರುಚಿ ನೋಡತೊಡಗಿ: ಒಂದು ಚಮಚ ಸಕ್ಕರೆ ನೀರಿಗೆ ಎರಡು ಹನಿ. ಸಿಪ್ಪೆ ಬಣ್ಣ ಕಳೆದುಕೊಂಡು ಬೆಳ್ಳಗೆ, ಬಾಗಿಸಿದರೆ ಪಟ್ಟನೆ ಮುರಿಯುವಂತಾದರೆ ಅದರಲ್ಲಿ ಇನ್ನೇನೂ ಉಳಿದಿಲ್ಲ. ತೆಗೆದುಬಿಡಿ. ಇನ್ನೂ ಗಾಢವಾಗಿ ಬೇಕೆಂದರೆ ಅದೇ ದ್ರಾವಣಕ್ಕೆ ಹೊಸ ಸಿಪ್ಪೆ ಹಾಕಿ ಮತ್ತೊಂದು ವಾರ ಇಡಬಹುದು. 42.8ರ ವೋಡ್ಕಾ ಹಿಡಿಯುವ ತೈಲಕ್ಕೆ ಮಿತಿಯಿದೆ, ಅದನ್ನು ಮೀರಿದ್ದು ಮೇಲೆ ಸಣ್ಣ ಉಂಗುರವಾಗಿ ತೇಲುತ್ತದೆ. ಅದನ್ನು ಎಸೆಯಬೇಡಿ, ಬಳಸುವ ಮುನ್ನ ಬಾಟಲಿ ಅಲುಗಾಡಿಸಿದರಾಯಿತು.

ಬೇಗ ಆಗಲೆಂದು ಬಾಟಲಿಯನ್ನು ಒಲೆಯ ಪಕ್ಕದಲ್ಲಿಡುವ, ಬಿಸಿನೀರಿನಲ್ಲಿ ಇಳಿಸಿ ಕಾಯಿಸುವ ಉಪಾಯಗಳನ್ನು ನಾನು ಹೇಳಿಕೊಡುವುದಿಲ್ಲ. ಮದ್ಯಸಾರದ ಆವಿಗೆ ಗ್ಯಾಸಿನ ಜ್ವಾಲೆ ತಾಗಿದರೆ ಅಡುಗೆಮನೆಯೇ ಹೊತ್ತಿಕೊಂಡೀತು. ಎರಡು ವಾರ ಕಾಯಲಾರದಷ್ಟು ಅವಸರ ಕೇಕಿಗೆ ಇರುವುದಿಲ್ಲ.

ನನ್ನ ಮೊದಲ ಬಾಟಲಿ ಹಾಳಾದ ಕಥೆಯನ್ನೂ ಹೇಳಿಬಿಡುತ್ತೇನೆ. ಜುಲೈ ತಿಂಗಳು, ಮಡಿಕೇರಿಯಲ್ಲಿ ಬಟ್ಟೆ ಒಣಗದ, ಗೋಡೆ ಬೆವರುವ ದಿನಗಳು. ವೋಡ್ಕಾ ಸಾಲದೆ ಬಂದಿತ್ತು. ಇದ್ದಷ್ಟು ಸಾಕೆಂದು ಮುಚ್ಚಳ ಹಾಕಿದೆ. ನಾಲ್ಕಾರು ಪಟ್ಟಿಗಳು ದ್ರವದಿಂದ ಮೇಲೆ ತಲೆಯೆತ್ತಿದ್ದವು. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದು ನೋಡಿದರೆ ಆ ತಲೆಗಳ ಮೇಲೆ ಬೂದು ಬಣ್ಣದ ಬೂಸಲು. ಕೆಳಗಿನ ದ್ರವ ತಿಳಿಯಾಗಿಯೇ ಇತ್ತು, ಆದರೂ ಎಲ್ಲವನ್ನೂ ಚೆಲ್ಲಿದೆ. ಮುಳುಗಿದ ಸಿಪ್ಪೆಗೆ ಭಯವಿಲ್ಲ, ಮೇಲೆದ್ದ ಸಿಪ್ಪೆಗೆ ರಕ್ಷಣೆಯಿಲ್ಲ. ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತಿರುವ ಮಾತು, ನಾನು ಆ ದಿನ ಮರೆತಿದ್ದೆ.

ಸೋಸುವುದಕ್ಕೆ ಮೊದಲು ಚಹಾ ಜರಡಿ, ಆಮೇಲೆ ಒಗೆದ ತೆಳು ಬಟ್ಟೆ ಅಥವಾ ಕಾಫಿ ಸೋಸುವ ಕಾಗದ. ಕಾಫಿಯ ವಾಸನೆ ಹತ್ತಿದ ಹಳೆಯ ಬಟ್ಟೆ ಬೇಡ, ಕೊಡಗಿನವರಾದರೂ ಇಲ್ಲಿ ಕಾಫಿಯನ್ನು ದೂರವಿಡೋಣ. ಸಿಪ್ಪೆಯನ್ನು ಹಿಂಡಬೇಡಿ, ಹಿಂಡಿದರೆ ಮಡ್ಡಿ ಮತ್ತು ಕಹಿ ಇಳಿಯುತ್ತವೆ. ಕಂದು ಗಾಜಿನ ಸಣ್ಣ ಬಾಟಲಿಗಳಲ್ಲಿ ಕತ್ತಿನವರೆಗೂ ತುಂಬಿಡಿ. ದೊಡ್ಡ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿದರೆ ಮೇಲಿನ ಗಾಳಿ ತೈಲವನ್ನು ಕೆಡಿಸುತ್ತದೆ. ಗಾಳಿ, ಬೆಳಕು ತಾಗಿ ಹಳಸಿದ ಕಿತ್ತಳೆ ತೈಲಕ್ಕೆ ಪೇಂಟ್ ಅಂಗಡಿಯ ಟರ್ಪೆಂಟೈನ್ ವಾಸನೆ ಬರುತ್ತದೆ. ಆ ವಾಸನೆ ಬಂದರೆ ಮತ್ತೆ ಯೋಚಿಸಬೇಡಿ, ಚೆಲ್ಲಿ. ಚೆನ್ನಾಗಿ ಇಟ್ಟದ್ದು ಒಂದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಮುಂದಿನ ಕಿತ್ತಳೆ ಬಂದಿರುತ್ತದೆ. ಬಾಟಲಿಯ ಮೇಲೆ ದಿನಾಂಕದ ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ನೋಡಲು ಶರಬತ್ತಿನಂತೆಯೇ ಇರುತ್ತದೆ.

ಬಳಸುವಾಗ ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿಯ ಹಾಗೆ ಹನಿ ಲೆಕ್ಕ ಹಾಕಬೇಕಿಲ್ಲ. ಪಾಕವಿಧಾನದಲ್ಲಿ ಅಂಗಡಿಯ ಎಸೆನ್ಸ್ ಒಂದು ಚಹಾ ಚಮಚ ಎಂದಿದ್ದರೆ ಇದನ್ನು ಎರಡು ಹಾಕಿ. ಕೇಕಿನಲ್ಲಿ ಹಿಟ್ಟಿಗೆ ಕೊನೆಯಲ್ಲಿ ಸುರಿಯುವುದಕ್ಕಿಂತ, ಬೆಣ್ಣೆ ಸಕ್ಕರೆ ನೊರೆ ಬರಿಸುವಾಗಲೇ ಬೆಣ್ಣೆಗೆ ಸೇರಿಸಿ. ತೈಲ ಬೆಣ್ಣೆಯೊಳಗೆ ಅಡಗಿ ಕುಳಿತರೆ ಒಲೆಯ ಬಿಸಿಗೆ ಅಷ್ಟು ಸುಲಭವಾಗಿ ಹಾರುವುದಿಲ್ಲ. ಕೇಸರಿಬಾತ್, ಪಾಯಸ, ಕಸ್ಟರ್ಡ್‌ಗಳಿಗೆ ಒಲೆ ಆರಿಸಿ ಐದು ನಿಮಿಷ ಬಿಟ್ಟು ಹಾಕಿ ಕಲಸಿ. ಕುದಿಯುವಾಗ ಹಾಕಿದರೆ ಅತಿಥಿಗಳಿಗೆ ಅಡುಗೆಮನೆಯಿಂದ ಘಮ ಬರುತ್ತದೆ, ಬಟ್ಟಲಿನಿಂದ ಬರುವುದಿಲ್ಲ. ಮೇಲಿನ ಐಸಿಂಗ್‌ಗಾದರೆ ಅರ್ಧ ಚಮಚವೇ ಧಾರಾಳ, ಅಲ್ಲಿ ಬೇಯುವ ಪ್ರಶ್ನೆಯೇ ಇಲ್ಲವಲ್ಲ.

ಈಗ ಮದ್ಯ ಮುಟ್ಟದ ಅತಿಥಿಗಳ ವಿಚಾರ. ‘ಬೇಯುವಾಗ ಎಲ್ಲಾ ಆವಿಯಾಗಿ ಹೋಗುತ್ತದೆ’ ಎಂದು ಸಮಾಧಾನ ಹೇಳುವವರಿದ್ದಾರೆ. ಪೂರ್ತಿ ಹೋಗುವುದಿಲ್ಲ. ಮಿಶ್ರಣದಲ್ಲಿ ಬೆರೆತ ಮದ್ಯಸಾರ ಅರ್ಧ ಗಂಟೆ ಬೇಯಿಸಿದ ಮೇಲೂ ಸುಮಾರು 35%, ಒಂದು ಗಂಟೆಯ ಮೇಲೂ ಸುಮಾರು 25% ಉಳಿಯುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ ಹೇಳುತ್ತದೆ. ಎರಡು ಚಹಾ ಚಮಚ, ಅಂದರೆ 10 ಮಿಲಿ ಸಾರದಲ್ಲಿ ಮದ್ಯಸಾರ ನಾಲ್ಕು ಮಿಲಿಯಷ್ಟು. ಮುಕ್ಕಾಲು ಗಂಟೆ ಬೆಂದ ಕೇಕನ್ನು ಹತ್ತು ತುಂಡು ಮಾಡಿದರೆ ಒಂದೊಂದರಲ್ಲಿ ಉಳಿಯುವುದು ಒಂದು ಮಿಲಿಯ ಹತ್ತನೇ ಒಂದು ಭಾಗದ ಸುತ್ತ. ದೇಹಕ್ಕೆ ಅದು ಲೆಕ್ಕಕ್ಕಿಲ್ಲ. ಧರ್ಮದಿಂದಲೋ ವ್ರತದಿಂದಲೋ ಮದ್ಯ ಬಿಟ್ಟವರಿಗೆ ಅದು ಮಿಲಿಯ ಪ್ರಶ್ನೆಯೇ ಅಲ್ಲ. ಕೇಳದಿದ್ದರೂ ಹೇಳಿಬಿಡಿ, ಅಥವಾ ಅವರು ಬರುವ ದಿನ ಸಕ್ಕರೆಯ ಕೇಕ್ ಮಾಡಿ.

ಸಕ್ಕರೆಯ ವಿಧಾನ ನನ್ನ ಮೆಚ್ಚಿನದು. ನಾಲ್ಕು ಹಣ್ಣಿನ ಹೆರೆದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, 100 ಗ್ರಾಂ ಸಕ್ಕರೆಯ ಜೊತೆ ಬಟ್ಟಲಿನಲ್ಲಿ ಹಾಕಿ, ಬೆರಳ ತುದಿಯಿಂದ ಉಜ್ಜಿ. ರಂಗೋಲಿ ಪುಡಿ ಹಿಡಿದಂತೆ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕುತ್ತಾ ಹೋದರೆ ಮೂರ್ನಾಲ್ಕು ನಿಮಿಷದಲ್ಲಿ ಸಕ್ಕರೆ ಒದ್ದೆ ಮರಳಿನಂತಾಗಿ ತಿಳಿಹಳದಿಗೆ ತಿರುಗುತ್ತದೆ. ಹರಳಿನ ಚೂಪು ಅಂಚುಗಳು ತೈಲದ ಚೀಲಗಳನ್ನು ಸೀಳುತ್ತವೆ, ಹೊರಬಂದ ತೈಲವನ್ನು ಹರಳೇ ಮೈಗೆ ಹಚ್ಚಿಕೊಳ್ಳುತ್ತದೆ. ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಸಿಪ್ಪೆಯನ್ನು ಆರಿಸಿ ತೆಗೆದು, ಕೇಕಿನ ಸಕ್ಕರೆಯ ಬದಲು ಅಷ್ಟೇ ತೂಕ ಇದನ್ನು ಹಾಕಿ. ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಒಂದೆರಡು ವಾರ ಇರುತ್ತದೆ. ತಾಜಾತನದಲ್ಲಿ ಇದು ವೋಡ್ಕಾದ ಸಾರವನ್ನೂ ಮೀರಿಸುತ್ತದೆ, ಬಾಳಿಕೆಯಲ್ಲಿ ಸೋಲುತ್ತದೆ.

ಬೆಣ್ಣೆಯಲ್ಲೂ ಆಗುತ್ತದೆ: ಕೇಕಿಗೆ ಬೇಕಾದ ಬೆಣ್ಣೆಯನ್ನು ತೀರ ಸಣ್ಣ ಉರಿಯಲ್ಲಿ ಕರಗಿಸಿ ಸಿಪ್ಪೆ ಹಾಕಿ ಅರ್ಧ ಗಂಟೆ ಮುಚ್ಚಿಟ್ಟು ಸೋಸಿ, ಅದೇ ದಿನ ಬಳಸಿ. ಹಸಿ ಸಿಪ್ಪೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿ ವಾರಗಟ್ಟಲೆ ಇಡುವುದು ಮಾತ್ರ ಅಪಾಯ. ಗಾಳಿಯಿಲ್ಲದ ಕಡೆ ಬೆಳೆಯುವ, ವಾಸನೆಯಿಂದ ಪತ್ತೆಯಾಗದ ವಿಷಕಾರಿ ಬ್ಯಾಕ್ಟೀರಿಯಾಗಳಿಗೆ ಅದು ಹೇಳಿಮಾಡಿಸಿದ ಜಾಗ. ಗ್ಲಿಸರಿನ್‌ನಲ್ಲಿ ಮಾಡುವವರೂ ಇದ್ದಾರೆ. ನಾನು ಮಾಡಿ ನೋಡಿದೆ, ಸಿಹಿ ಬಂತು, ಕಿತ್ತಳೆ ಬರಲಿಲ್ಲ.

ಉಳಿದ ಹಣ್ಣುಗಳು. ನಿಂಬೆ ಅತ್ಯಂತ ಸುಲಭ. ಸಿಪ್ಪೆ ತೆಳು, ತೈಲ ಧಾರಾಳ, ಎರಡೇ ವಾರ ಸಾಕು. ಕಡುಹಸಿರು ಕಾಯಿಗಿಂತ ಹಳದಿಗೆ ತಿರುಗುತ್ತಿರುವುದನ್ನು ಆರಿಸಿ. ಒಂದು ಎಚ್ಚರ: ನಿಂಬೆ ಹೆರೆದ ಕೈಯನ್ನು ಸೋಪಿನಲ್ಲಿ ತೊಳೆಯದೆ ಬಿಸಿಲಿಗೆ ಹೋಗಬೇಡಿ. ನಿಂಬೆಜಾತಿಯ ಸಿಪ್ಪೆ, ರಸಗಳಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟಂತೆ ಮಾಡುತ್ತವೆ, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಚಕ್ಕೋತದಲ್ಲಿ ಬಿಳಿ ಭಾಗವೇ ಬೆರಳು ದಪ್ಪ, ಕಹಿಯ ಗಣಿ. ಅದರ ಹೊರಗಿನ ಹಸಿರುಹಳದಿ ಪೊರೆಯನ್ನು ಮಾತ್ರ ಹೆರೆಯುವ ತಾಳ್ಮೆಯಿದ್ದರೆ ಮಾಡಿ. ಘಮ ಸೊಗಸಾಗಿದೆ, ತುಸು ಹೂವಿನ ಹಾಗೆ. ಇಡ್ಲಿ ಪಾತ್ರೆಯಷ್ಟು ದೊಡ್ಡ ಹಣ್ಣಾದ್ದರಿಂದ ಒಂದೇ ಸಾಕಾಗುತ್ತದೆ. ಹೇರಳೆಕಾಯಿಯನ್ನು ಉಪ್ಪಿನಕಾಯಿಗೆ ಬಿಡುವುದೇ ಒಳ್ಳೆಯದು, ಅದನ್ನು ವೋಡ್ಕಾದಲ್ಲಿ ಮುಳುಗಿಸಲು ನನಗೆ ಮನಸ್ಸು ಬಂದಿಲ್ಲ.

ಕೈಪುಳಿಯನ್ನು ನೀವು ಕೇಳಿದ್ದು ಖುಷಿಯಾಯಿತು. ತೋಟದ ಮೂಲೆಯಲ್ಲಿ ತಾನಾಗಿ ಬೆಳೆದ ಆ ಹುಳಿಕಹಿ ಹಣ್ಣನ್ನು ಈಗಿನವರು ಕೆಳಗೆ ಬಿದ್ದು ಕೊಳೆಯಲು ಬಿಡುತ್ತಾರೆ. ಕಹಿ ಕಿತ್ತಳೆಗಳ ಸಿಪ್ಪೆಯ ಘಮ ಸಿಹಿ ಕಿತ್ತಳೆಯದಕ್ಕಿಂತ ಗಂಭೀರ. ಕುರಸಾವೊ ಎಂಬ ಹೆಸರಾಂತ ಪಾನೀಯಕ್ಕೆ ಪರಿಮಳ ಬಂದದ್ದೂ ಕಹಿ ಕಿತ್ತಳೆಯ ಸಿಪ್ಪೆಯಿಂದಲೇ. ಕೈಪುಳಿಯಲ್ಲಿ ಸ್ವಲ್ಪ ಕಹಿ ಉಳಿಯುವುದು ತಪ್ಪದು, ಅದನ್ನು ಗುಣವೆಂದೇ ಎಣಿಸಿ. ಚಾಕೊಲೇಟ್ ಕೇಕಿಗೆ ಹಾಕಿ ನೋಡಿ. ಅರ್ಧ ಕೈಪುಳಿ, ಅರ್ಧ ಕಿತ್ತಳೆ ಬೆರೆಸಿ ಹಾಕಿದ ಬಾಟಲಿ ನನ್ನ ಕಪಾಟಿನಲ್ಲಿ ಮೊದಲು ಖಾಲಿಯಾಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ಅತಿಥಿಗಳು ಬಾಟಲಿ ಕೇಳತೊಡಗುತ್ತಾರೆ, ಮಾರುವ ಯೋಚನೆ ಬರುತ್ತದೆ. ಮನೆಯ ಕೇಕಿಗೆ ಬಳಸುವುದು ಬೇರೆ, ಮದ್ಯಸಾರ ಇರುವ ಬಾಟಲಿಯನ್ನು ಮಾರುವುದು ಬೇರೆ. ಆಹಾರ ಸುರಕ್ಷತೆಯ ನೋಂದಣಿ, ಅಬಕಾರಿ ನಿಯಮ ಎರಡನ್ನೂ ವಿಚಾರಿಸದೆ ಅತ್ತ ಹೆಜ್ಜೆಯಿಡಬೇಡಿ. ಅದಕ್ಕಿಂತ ತೋಟದಲ್ಲಿ ಹತ್ತು ಕಿತ್ತಳೆ ಗಿಡ ನೆಡಿ. ರೋಗವಿಲ್ಲದ ಸಸಿಯ ಬಗ್ಗೆ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನು ಆ ರಮ್ಮಿನ ಬಾಟಲಿ. ಇಂದೇ ಸೋಸಿ ಸಿಪ್ಪೆಯನ್ನು ಹೊರಹಾಕಿ, ಒಳಗಿದ್ದಷ್ಟು ದಿನವೂ ಕಹಿ ಏರುತ್ತಲೇ ಇರುತ್ತದೆ. ಕ್ರಿಸ್‌ಮಸ್‌ ಕೇಕಿಗೆ ಒಣದ್ರಾಕ್ಷಿ, ಖರ್ಜೂರ, ಗೇರುಬೀಜ ನೆನೆಹಾಕುವಾಗ ಬರೀ ರಮ್ಮಿನ ಬದಲು ಅರ್ಧದಷ್ಟು ಇದನ್ನು ಹಾಕಿ. ಖರ್ಜೂರದ ಸಿಹಿ, ಸುಟ್ಟ ಸಕ್ಕರೆಯ ಕಪ್ಪು, ಲವಂಗದ ಖಾರ ಇವುಗಳ ನಡುವೆ ಆ ಕಹಿ ಕಹಿಯೆಂದು ತಿಳಿಯುವುದೇ ಇಲ್ಲ. ಮಾವನವರಿಗೆ ದೊಡ್ಡ ತುಂಡು ಕೊಡಿ, ರಮ್ ಅವರದಲ್ಲವೇ.